ನೋಡ್ ಮಾಡ್ಯೂಲ್ಸ್ ಅಳಿಸಿ, ಲಾಕ್ ಫೈಲ್ ಮುಟ್ಟಬೇಡಿ

ಪ್ರಶ್ನೆ: ಸರ್, ನಾವು ಐದು ಜನ ಸೇರಿ ಒಂದು ರಿಯಾಕ್ಟ್ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿ ಓಡುತ್ತದೆ. ಹೊಸದಾಗಿ ಸೇರಿದವರು ಅದೇ ಕೋಡ್ ಇಳಿಸಿಕೊಂಡು ಎನ್‌ಪಿಎಮ್ ಇನ್‌ಸ್ಟಾಲ್ ಕೊಟ್ಟರೆ ಎರರ್. ನೋಡ್ ಮಾಡ್ಯೂಲ್ಸ್, ಲಾಕ್ ಫೈಲ್ ಎರಡನ್ನೂ ಡಿಲೀಟ್ ಮಾಡಿ ಮತ್ತೆ ಹಾಕು, ಆಗದಿದ್ದರೆ ಫೋರ್ಸ್ ಕೊಡು ಅಂತ ಎಲ್ಲರೂ ಹೇಳುತ್ತಾರೆ. ಕೆಲವು ಸಲ ಸರಿಹೋಗುತ್ತದೆ, ವಾರ ಬಿಟ್ಟು ಇನ್ನೊಂದು ಕಡೆ ಒಡೆಯುತ್ತದೆ. ಸರ್ವರ್‌ನಲ್ಲಿ ಬಿಲ್ಡ್ ಬೇರೆ ಬಿದ್ದುಹೋಗುತ್ತದೆ. ಟೂಲ್‌ಗಳನ್ನು ಗ್ಲೋಬಲ್ ಆಗಿ ಹಾಕಬೇಕಾ? ಯಾರ್ನ್ ಅಥವಾ ಪಿಎನ್‌ಪಿಎಮ್‌ಗೆ ಹೋದರೆ ಈ ಕಾಟ ತಪ್ಪುತ್ತದಾ?

ಉತ್ತರ: ನಿಮಗೆ ಸಿಕ್ಕ ಸಲಹೆಯಲ್ಲಿ ಅರ್ಧ ಸರಿ, ಅರ್ಧ ತಪ್ಪು. ಈ ಲೋಕಕ್ಕೆ ಹೊಸಬರಾದವರಿಗೆ ಒಂದು ಮಾತು: ಪ್ಯಾಕೇಜ್ ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್ (ವೆಬ್ ಪುಟ ಕಟ್ಟಲು ಬಳಸುವ ರಿಯಾಕ್ಟ್ ಕೂಡ ಅಂಥದ್ದೇ), ಎನ್‌ಪಿಎಮ್ ಅದನ್ನು ಇಳಿಸಿ ಹಾಕುವ ಟೂಲ್, ಯಾರ್ನ್ ಮತ್ತು ಪಿಎನ್‌ಪಿಎಮ್ ಅದೇ ಕೆಲಸದ ಬೇರೆ ಟೂಲ್‌ಗಳು. ಇಳಿಸಿದ್ದೆಲ್ಲ ಹೋಗಿ ಕೂರುವುದು ನೋಡ್ ಮಾಡ್ಯೂಲ್ಸ್ ಫೋಲ್ಡರಿನಲ್ಲಿ. ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಎಷ್ಟು ಸಲ ಬೇಕಾದರೂ ಅಳಿಸಿ, ಅದರಿಂದ ನಷ್ಟವಿಲ್ಲ. ಲಾಕ್ ಫೈಲ್ ಅಳಿಸುವುದೇ ನಿಮ್ಮ ತಂಡದ ಕಾಯಿಲೆ ಅಂತ ನನಗೆ ಅನ್ನಿಸುತ್ತದೆ. ಒಂದು ಕಡೆ ಸರಿಮಾಡಿದರೆ ವಾರದಲ್ಲಿ ಇನ್ನೊಂದು ಕಡೆ ಒಡೆಯುತ್ತದೆ ಅಂದಿರಲ್ಲ, ಅದು ಈ ಅಭ್ಯಾಸದ ಲಕ್ಷಣವೇ.

ಯಾಕೆ ಅಂತ ನೋಡೋಣ. ಪ್ರಾಜೆಕ್ಟಿನಲ್ಲಿ ಎರಡು ಫೈಲ್‌ಗಳಿವೆ. ಪ್ಯಾಕೇಜ್ ಡಾಟ್ ಜೇಸನ್ ನಿಮ್ಮ ಬೇಡಿಕೆ. ಪ್ಯಾಕೇಜ್ ಲಾಕ್ ಡಾಟ್ ಜೇಸನ್ ಆ ಬೇಡಿಕೆಗೆ ನಿಜವಾಗಿ ಏನು ಸಿಕ್ಕಿತು ಅನ್ನುವುದರ ದಾಖಲೆ. ಬೇಡಿಕೆಯಲ್ಲಿ ^1.4.2 ಅಂತ ಬರೆದಿದೆ ಅಂದುಕೊಳ್ಳಿ. ಹಾಗಂದರೆ 1.4.2 ಅಂತಲ್ಲ. 1.4.2 ಅಥವಾ ಅದಕ್ಕಿಂತ ಹೊಸದು, 2.0.0ಕ್ಕಿಂತ ಕೆಳಗೆ ಯಾವುದಾದರೂ ಆಗಬಹುದು ಅಂತ. ~1.4.2 ಅಂದರೆ ಇನ್ನೂ ಬಿಗಿ: 1.5.0ಕ್ಕಿಂತ ಕೆಳಗೇ ಇರಬೇಕು. ಸೊನ್ನೆಯಿಂದ ಶುರುವಾಗುವ ವರ್ಷನ್‌ಗಳ ಲೆಕ್ಕ ಸ್ವಲ್ಪ ಬೇರೆ. ^0.4.2 ಅಂತ ಬರೆದರೆ ಅದು 0.5.0 ಮುಟ್ಟುವುದಿಲ್ಲ, ಯಾಕೆಂದರೆ ಇನ್ನೂ ಒಂದಕ್ಕೆ ಬರದ ಪ್ಯಾಕೇಜಿನಲ್ಲಿ ಮಧ್ಯದ ಅಂಕಿ ಬದಲಾದರೂ ಹಳೆಯ ಕೋಡ್ ಮುರಿಯಬಹುದು ಅನ್ನುವುದು ಅಲ್ಲಿನ ಒಪ್ಪಂದ.

ಈಗ ನೀವು ಜನವರಿಯಲ್ಲಿ ಇನ್‌ಸ್ಟಾಲ್ ಮಾಡಿದಿರಿ, ಹೊಸಬರು ಜೂನ್‌ನಲ್ಲಿ ಮಾಡಿದರು. ಲಾಕ್ ಫೈಲ್ ಇಲ್ಲದಿದ್ದರೆ ಇಬ್ಬರಿಗೂ ಒಂದೇ ಬೇಡಿಕೆ, ಆದರೆ ಸಿಕ್ಕಿದ್ದು ಬೇರೆ ಬೇರೆ. ನೀವು ನೇರವಾಗಿ ಹೆಸರಿಸಿದ ಮೂವತ್ತು ನಲವತ್ತು ಪ್ಯಾಕೇಜ್ ಮಾತ್ರವಾಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಅವುಗಳ ಬೆನ್ನಿಗೆ ನೂರಾರು ಬರುತ್ತವೆ, ಒಂದೊಂದಕ್ಕೂ ಅದರದೇ ಬೇಡಿಕೆ ಪಟ್ಟಿ. ಲಾಕ್ ಫೈಲ್ ಇವೆಲ್ಲದರ ನಿಖರ ವರ್ಷನ್, ಎಲ್ಲಿಂದ ಇಳಿಸಿದ್ದು, ಇಳಿಸಿದ ಫೈಲಿನ ಹ್ಯಾಶ್ (ಬೆರಳಚ್ಚಿನಂಥ ಗುರುತು) ಏನು ಎಂಬುದನ್ನು ಬರೆದಿಡುತ್ತದೆ. ಅದನ್ನು ಅಳಿಸಿ ಮತ್ತೆ ಹಾಕಿದರೆ ಒಂದು ಎರರ್ ಹೋಗಬಹುದು, ಆದರೆ ಯಾರೂ ಕೇಳದ ಇನ್ನೂರು ಪ್ಯಾಕೇಜ್ ಸದ್ದಿಲ್ಲದೆ ಮೇಲೇರಿರುತ್ತವೆ. ಮುಂದಿನ ವಾರ ಒಡೆಯುವುದು ಅವುಗಳಲ್ಲಿ ಒಂದು.

ಎನ್‌ಪಿಎಮ್‌ಗೆ ಮೊದಲಿಂದಲೂ ಈ ಲಾಕ್ ಫೈಲ್ ಇರಲಿಲ್ಲ. ಎನ್‌ಪಿಎಮ್ ಬಂದಿದ್ದು 2010ರಲ್ಲಿ. 2016ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್‌ನವರು ಯಾರ್ನ್ ಬಿಡುಗಡೆ ಮಾಡಿದಾಗ ಜನ ಅತ್ತ ಓಡಿದ್ದಕ್ಕೆ ಅದರ ವೇಗ ಒಂದು ಕಾರಣ, ಲಾಕ್ ಫೈಲ್ ತಾನಾಗಿಯೇ ಬರುತ್ತಿದ್ದದ್ದು ಇನ್ನೊಂದು ಕಾರಣ. 2017ರಲ್ಲಿ ಎನ್‌ಪಿಎಮ್ 5 ಅದನ್ನು ತನ್ನೊಳಗೆ ತಂದುಕೊಂಡಿತು. ಆಗಿನ ಶುರುವಿನ ದಿನಗಳಲ್ಲಿ ಅದರಲ್ಲಿ ಕಿರಿಕಿರಿ ಇದ್ದದ್ದು ನಿಜ. ಲಾಕ್ ಫೈಲ್ ಅಳಿಸು ಅನ್ನುವ ಸಲಹೆ ಇನ್ನೂ ಬಾಯಿಂದ ಬಾಯಿಗೆ ಸಾಗುತ್ತಿರುವುದಕ್ಕೆ ಆ ಹಳೆಯ ನೆನಪೂ ಒಂದು ಕಾರಣ ಇರಬೇಕು.

ಹಾಗಾಗಿ ಲಾಕ್ ಫೈಲ್ ಗಿಟ್‌ಗೆ, ಅಂದರೆ ತಂಡದ ಕೋಡ್ ಮತ್ತು ಅದರ ಬದಲಾವಣೆಗಳನ್ನು ದಾಖಲಿಸಿಡುವ ಕಡೆಗೆ, ಹೋಗಲೇಬೇಕು. ನೋಡ್ ಮಾಡ್ಯೂಲ್ಸ್ ಹೋಗಬಾರದು, ಅದು ಗಿಟ್ ಇಗ್ನೋರ್ ಪಟ್ಟಿಯಲ್ಲಿರಲಿ. ನಿಮ್ಮ ಗಿಟ್ ಇಗ್ನೋರ್ ಒಮ್ಮೆ ತೆಗೆದು ನೋಡಿ. ಯಾವನೋ ಪುಣ್ಯಾತ್ಮ ಮರ್ಜ್ (ಇಬ್ಬರ ಬದಲಾವಣೆಗಳನ್ನು ಒಂದುಗೂಡಿಸುವ) ಗಲಾಟೆ ಬೇಡ ಅಂತ ಲಾಕ್ ಫೈಲನ್ನೂ ಅದರಲ್ಲಿ ಸೇರಿಸಿರುವ ಪ್ರಾಜೆಕ್ಟ್‌ಗಳು ಬೇಕಾದಷ್ಟಿವೆ. ಮರ್ಜ್ ಮಾಡುವಾಗ ಲಾಕ್ ಫೈಲಿನಲ್ಲಿ ಕಾನ್‌ಫ್ಲಿಕ್ಟ್ ಬಂದರೆ ಅದನ್ನು ಕೈಯಲ್ಲಿ ತಿದ್ದಲು ಕೂರಬೇಡಿ. ಮೊದಲು ಪ್ಯಾಕೇಜ್ ಡಾಟ್ ಜೇಸನ್ ಸರಿಮಾಡಿ, ಆಮೇಲೆ ಎನ್‌ಪಿಎಮ್ ಇನ್‌ಸ್ಟಾಲ್ ಕೊಡಿ. ಲಾಕ್ ಫೈಲಿನ ಕಾನ್‌ಫ್ಲಿಕ್ಟನ್ನು ಅದೇ ಬಿಡಿಸುತ್ತದೆ.

ಇನ್ನೊಂದು ಕಮಾಂಡ್ ನಿಮ್ಮ ತಂಡಕ್ಕೆ ಗೊತ್ತಿಲ್ಲ ಅನ್ನಿಸುತ್ತದೆ: ಎನ್‌ಪಿಎಮ್ ಸಿಐ. ಎನ್‌ಪಿಎಮ್ ಇನ್‌ಸ್ಟಾಲ್ ಕೊಟ್ಟಾಗಲೆಲ್ಲ ಎಲ್ಲವೂ ಹೊಸ ವರ್ಷನ್‌ಗೆ ಹೋಗುತ್ತದೆ ಅನ್ನುವುದು ತಪ್ಪು ಕಲ್ಪನೆ. ಬೇಡಿಕೆಗೂ ಲಾಕ್‌ಗೂ ತಾಳೆಯಾದರೆ ಅದು ಲಾಕ್‌ನಲ್ಲಿರುವುದನ್ನೇ ಹಾಕುತ್ತದೆ. ಆದರೆ ತಾಳೆಯಾಗದಿದ್ದರೆ ತಾನೇ ಲಾಕನ್ನು ತಿದ್ದಿಬಿಡುತ್ತದೆ, ಒಂದು ಮಾತೂ ಕೇಳುವುದಿಲ್ಲ. ಸಿಐ ಹಾಗಲ್ಲ. ಮೊದಲು ನೋಡ್ ಮಾಡ್ಯೂಲ್ಸ್ ಪೂರ್ತಿ ಅಳಿಸುತ್ತದೆ, ಲಾಕ್‌ನಲ್ಲಿ ಬರೆದದ್ದನ್ನು ಅಕ್ಷರಶಃ ಹಾಕುತ್ತದೆ, ತಾಳೆಯಾಗದಿದ್ದರೆ ಎರರ್ ಕೊಟ್ಟು ನಿಂತುಬಿಡುತ್ತದೆ. ಎರಡು ಫೈಲಿನಲ್ಲಿ ಯಾವುದನ್ನೂ ಅದು ಮುಟ್ಟುವುದಿಲ್ಲ. ಹೊಸಬರು ಕೋಡ್ ಇಳಿಸಿಕೊಂಡ ಮೇಲೆ ಕೊಡಬೇಕಾದದ್ದು ಇದನ್ನು. ಸರ್ವರ್‌ನಲ್ಲಿ ಬಿಲ್ಡ್‌ಗೆ ಕೊಡಬೇಕಾದದ್ದೂ ಇದನ್ನೇ. ಇನ್‌ಸ್ಟಾಲ್ ಅನ್ನುವುದು ಹೊಸ ಪ್ಯಾಕೇಜ್ ಸೇರಿಸುವಾಗ ಅಥವಾ ವರ್ಷನ್ ಬದಲಿಸುವಾಗ ಮಾತ್ರ.

ಲಾಕ್ ಅಳಿಸಲೇಬೇಕಾದ ಸಂದರ್ಭ ಇಲ್ಲವೇ ಇಲ್ಲ ಅಂತಲ್ಲ, ಒಂದಿದೆ. ಕೋಡ್ ಫೈಲ್‌ಗಳನ್ನು ಒಟ್ಟುಗೂಡಿಸುವ ರೋಲಪ್‌ನಂಥ ಟೂಲ್‌ಗಳು ವಿಂಡೋಸ್‌ಗೆ ಒಂದು, ಮ್ಯಾಕ್‌ಗೆ ಒಂದು, ಲಿನಕ್ಸ್‌ಗೆ ಒಂದು ಅಂತ ಬೇರೆ ಬೇರೆ ಬೈನರಿ (ಕಂಪೈಲ್ ಮಾಡಿಟ್ಟ) ಪ್ಯಾಕೇಜ್‌ಗಳನ್ನು ಐಚ್ಛಿಕ ಅವಲಂಬನೆಯಾಗಿ ಇಟ್ಟಿರುತ್ತವೆ. ಎನ್‌ಪಿಎಮ್‌ನ ಒಂದು ಬಗ್‌ನಿಂದಾಗಿ ಕೆಲವೊಮ್ಮೆ ಲಾಕ್‌ನಲ್ಲಿ ಅದನ್ನು ತಯಾರಿಸಿದವರ ಕಂಪ್ಯೂಟರಿನ ಬೈನರಿ ಮಾತ್ರ ದಾಖಲಾಗಿ, ಉಳಿದವು ಬಿಟ್ಟುಹೋಗುತ್ತವೆ. ಆಗ ಲಿನಕ್ಸ್ ಸರ್ವರ್‌ನಲ್ಲಿ ರೋಲಪ್‌ನ ಲಿನಕ್ಸ್ ಮಾಡ್ಯೂಲ್ ಸಿಗುತ್ತಿಲ್ಲ ಅಂತ ಎರರ್ ಬರುತ್ತದೆ. ಎರಡನ್ನೂ ಅಳಿಸಿ ಮತ್ತೆ ಹಾಕಿ ಅಂತ ಆ ಎರರ್ ಸಂದೇಶವೇ ಹೇಳುತ್ತದೆ. ಅಲ್ಲಿ ಹಾಗೆ ಮಾಡಿ, ಆದರೆ ಒಬ್ಬರೇ ಮಾಡಿ, ಹೊಸ ಲಾಕನ್ನು ಪ್ರತ್ಯೇಕ ಕಮಿಟ್ (ಗಿಟ್‌ನಲ್ಲಿ ದಾಖಲಾಗುವ ಒಂದು ಬದಲಾವಣೆ) ಆಗಿ ಹಾಕಿ, ಪೂರ್ತಿ ಟೆಸ್ಟ್ ಓಡಿಸಿ. ಐದು ಜನ ಐದು ಕಡೆ ಅಳಿಸಿದರೆ ಐದು ಪ್ರಾಜೆಕ್ಟ್ ಆಗುತ್ತದೆ, ಅಷ್ಟೇ.

ಈಗ ಫೋರ್ಸ್, ಅಂದರೆ ತಡೆ ಲೆಕ್ಕಿಸದೆ ಹಾಕಿಬಿಡು ಅನ್ನುವ ಆಯ್ಕೆಯ ವಿಷಯಕ್ಕೆ ಬರೋಣ. ನಿಮಗೆ ಬಂದ ಎರರ್ ಯಾವುದು ಅಂತ ನೀವು ಬರೆದಿಲ್ಲ. ಫೋರ್ಸ್ ಕೊಡು ಅಂದಿದ್ದಾರೆ ಅಂದರೆ ಅದು ಇ-ರಿಸಾಲ್ವ್ ಅನ್ನುವ ಕೆಂಪು ಅಕ್ಷರದ ಗುಂಪೇ ಇರಬೇಕು. ಅದನ್ನು ನೋಡಿದ ಕೂಡಲೇ ಜನ ಓದುವುದು ಬಿಟ್ಟು ಫೋರ್ಸ್ ಹುಡುಕುತ್ತಾರೆ. ಆದರೆ ಎನ್‌ಪಿಎಮ್ ಕೊಡುವ ಎರರ್‌ಗಳಲ್ಲಿ ಇದೇ ಹೆಚ್ಚು ಅರ್ಥವಾಗುವಂಥದ್ದು. ಸಾಮಾನ್ಯವಾಗಿ ಅದರಲ್ಲಿ ಎರಡು ಸಾಲು ಮುಖ್ಯ. ಮೊದಲು, ಸಿಕ್ಕಿದ್ದು ರಿಯಾಕ್ಟ್ 18.2.0 ಅಂತ ಇರುತ್ತದೆ, ಅಂದರೆ ಈಗ ನಿಮ್ಮ ಪ್ರಾಜೆಕ್ಟಿನಲ್ಲಿ ಇರುವುದು. ಕೆಳಗೆ ಎಲ್ಲೋ, ಪೀರ್ ರಿಯಾಕ್ಟ್ ^17.0.0 ಬೇಕು, ಇದನ್ನು ಕೇಳುತ್ತಿರುವುದು ಇಂಥ ಕ್ಯಾಲೆಂಡರ್ ಪ್ಯಾಕೇಜ್ ಅಂತ ಇರುತ್ತದೆ. ಮುಗಿಯಿತು. ಆ ಕ್ಯಾಲೆಂಡರ್ ಪ್ಯಾಕೇಜ್ ರಿಯಾಕ್ಟ್ 17ಕ್ಕೆ ಬರೆದದ್ದು, ನೀವು 18ರಲ್ಲಿದ್ದೀರಿ.

ಪೀರ್ ಅಂದರೆ ಆ ಪ್ಯಾಕೇಜ್ ತನ್ನದೇ ರಿಯಾಕ್ಟ್ ತರುವುದಿಲ್ಲ, ನಿಮ್ಮದನ್ನೇ ಹಂಚಿಕೊಳ್ಳುತ್ತದೆ ಅಂತ. ಒಂದು ಪುಟದಲ್ಲಿ ಎರಡು ರಿಯಾಕ್ಟ್ ಪ್ರತಿಗಳಿದ್ದರೆ ಹುಕ್ ಎಂಬ ರಿಯಾಕ್ಟ್ ಫಂಕ್ಷನ್‌ಗಳು ಕೆಲಸ ಮಾಡುವುದಿಲ್ಲ, ಅದಕ್ಕೇ ಈ ವ್ಯವಸ್ಥೆ. 2020ರಲ್ಲಿ ಬಂದ ಎನ್‌ಪಿಎಮ್ 7ಕ್ಕೆ ಮುಂಚೆ ಇಂಥ ಜಗಳಕ್ಕೆ ಬರೀ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತಿತ್ತು. ಏಳರಿಂದ ನಿಂತುಬಿಡುತ್ತದೆ. ಜಗಳ ಹೊಸದೇನಲ್ಲ, ಕಾಣಿಸತೊಡಗಿದ್ದು ಆಗಿನಿಂದ.

ಇದಕ್ಕೆ ಮೊದಲ ಪರಿಹಾರ, ಆ ಕ್ಯಾಲೆಂಡರ್ ಪ್ಯಾಕೇಜಿನ ಹೊಸ ವರ್ಷನ್ ರಿಯಾಕ್ಟ್ 18 ಒಪ್ಪುತ್ತದೆಯಾ ನೋಡುವುದು. ಎನ್‌ಪಿಎಮ್ ವ್ಯೂ ಅಂತ ಕೊಟ್ಟು ಪ್ಯಾಕೇಜ್ ಹೆಸರು, ಪೀರ್ ಡಿಪೆಂಡೆನ್ಸೀಸ್ ಅಂತ ಬರೆದರೆ ಕುಳಿತಲ್ಲೇ ಗೊತ್ತಾಗುತ್ತದೆ. ಬಹುತೇಕ ಸಲ ಇಲ್ಲೇ ಮುಗಿಯುತ್ತದೆ. ಹೊಸ ವರ್ಷನ್ ಇಲ್ಲ, ಆದರೆ ಓಡಿಸಿ ನೋಡಿದರೆ 18ರಲ್ಲೂ ಸರಿಯಾಗಿದೆ ಅಂತಾದರೆ ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ಓವರ್‌ರೈಡ್ಸ್ ಅಂತ ಒಂದು ಭಾಗ ಬರೆದು, ಆ ಒಂದು ಪ್ಯಾಕೇಜಿಗೆ ಮಾತ್ರ ವಿನಾಯಿತಿ ಕೊಡಿ. ಅದು ಫೈಲಿನಲ್ಲಿ ಕಣ್ಣಿಗೆ ಕಾಣುತ್ತದೆ, ಇಡೀ ತಂಡಕ್ಕೂ ಅನ್ವಯವಾಗುತ್ತದೆ. ಫೋರ್ಸ್ ಅಥವಾ ಲೆಗಸಿ ಪೀರ್ ಡೆಪ್ಸ್ ಆಯ್ಕೆ ಕೊಟ್ಟರೆ ನಿಮ್ಮ ಆ ಒಂದು ಸಲದ ಇನ್‌ಸ್ಟಾಲ್ ದಾಟುತ್ತದೆ. ಹೊಸಬರಿಗೆ ಆ ಗುಟ್ಟು ಗೊತ್ತಿರುವುದಿಲ್ಲ, ಅವರಿಗೆ ಎರರ್ ಬರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುವುದು ಅವರಲ್ಲಿ ಓಡದಿರುವುದಕ್ಕೆ ಇದೂ ಒಂದು ಕಾರಣ ಆಗಿರಬಹುದು, ಅಲ್ವಾ?

ಎರಡನೆಯ ದೊಡ್ಡ ಕಾರಣ ನೋಡ್‌ನ, ಅಂದರೆ ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ಓಡಿಸುವ ಪ್ರೋಗ್ರಾಮಿನ, ವರ್ಷನ್ನೇ ಬೇರೆ ಇರುವುದು. ಲಾಕ್ ಫೈಲ್ ಪ್ಯಾಕೇಜ್‌ಗಳನ್ನು ಹಿಡಿದಿಡುತ್ತದೆ, ನೋಡನ್ನು ಹಿಡಿದಿಡುವುದಿಲ್ಲ. ಹೊಸಬರು ಹೊಸ ಲ್ಯಾಪ್‌ಟಾಪ್‌ಗೆ ಇತ್ತೀಚಿನ ನೋಡ್ ಹಾಕಿಕೊಂಡಿರುತ್ತಾರೆ, ನೀವು ಹಳೆಯದರಲ್ಲಿರುತ್ತೀರಿ. ಒಂದು ಪ್ರಸಿದ್ಧ ಉದಾಹರಣೆ ಹೇಳುತ್ತೇನೆ. ವೆಬ್‌ಪ್ಯಾಕ್ 4 ಎಂಬ ಬಿಲ್ಡ್ ಟೂಲ್ ಬಳಸುವ ಹಳೆಯ ಪ್ರಾಜೆಕ್ಟನ್ನು ನೋಡ್ 17 ಅಥವಾ ಅದಕ್ಕಿಂತ ಹೊಸದರಲ್ಲಿ ಓಡಿಸಿದರೆ "ಡಿಜಿಟಲ್ ಎನ್ವಲಪ್ ರೂಟೀನ್ಸ್ ಅನ್‌ಸಪೋರ್ಟೆಡ್" ಅನ್ನುವ ವಿಚಿತ್ರ ಎರರ್ ಬರುತ್ತದೆ. ನಿಮ್ಮ ಕೋಡಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ನೋಡ್ 17ರಲ್ಲಿ ಓಪನ್ ಎಸ್‌ಎಸ್‌ಎಲ್ 3 ಎಂಬ ಗೂಢಲಿಪಿ ಲೈಬ್ರರಿ ಬಂತು. ಅದು ಎಂಡಿ4 ಎಂಬ ಹಳೆಯ ಹ್ಯಾಶನ್ನು ಸುಮ್ಮನೆ ಬಳಸಲು ಬಿಡುವುದಿಲ್ಲ. ವೆಬ್‌ಪ್ಯಾಕ್ 4 ಅದನ್ನೇ ನೆಚ್ಚಿಕೊಂಡಿದೆ. ಇಲ್ಲಿ ನೋಡ್ ಮಾಡ್ಯೂಲ್ಸ್ ನೂರು ಸಲ ಅಳಿಸಿದರೂ ಪ್ರಯೋಜನವಿಲ್ಲ.

ಇದೇ ಜಾತಿಯ ಇನ್ನೊಂದು ಎರರ್‌ನಲ್ಲಿ ನೋಡ್ ಜಿಪ್ ಅಂತ ಹೆಸರು ಬಂದು, ಪೈಥಾನ್ ಸಿಗುತ್ತಿಲ್ಲ, ಸಿ++ ಕಂಪೈಲರ್ ಸಿಗುತ್ತಿಲ್ಲ ಅನ್ನುತ್ತದೆ. ಜಾವಾಸ್ಕ್ರಿಪ್ಟ್ ಪ್ರಾಜೆಕ್ಟಿಗೆ ಪೈಥಾನ್ ಯಾಕೆ ಅಂತ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಕೆಲವು ಪ್ಯಾಕೇಜ್‌ಗಳ ಒಳಗೆ ಸಿ++ ಕೋಡ್ ಇರುತ್ತದೆ. ನಿಮ್ಮ ನೋಡ್ ವರ್ಷನ್‌ಗೆ ಮೊದಲೇ ಕಟ್ಟಿಟ್ಟ ಬೈನರಿ ಸಿಕ್ಕರೆ ಅದನ್ನು ಇಳಿಸಿಕೊಳ್ಳುತ್ತದೆ, ಸಿಗದಿದ್ದರೆ ನಿಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ಪೈಥಾನ್ ಹಾಕಿಕೊಳ್ಳುವ ಮುಂಚೆ ನೋಡ್ ವರ್ಷನ್ ಸರಿಯಿದೆಯಾ ನೋಡಿ. ಅಲ್ಲಿ ಇನ್ನೂ ನೋಡ್ ಸಾಸ್ (ಸ್ಟೈಲ್ ಫೈಲ್ ಕಂಪೈಲ್ ಮಾಡುವ ಹಳೆಯ ಪ್ಯಾಕೇಜ್) ಕಂಡರೆ ಅದನ್ನು ತೆಗೆದು ಸಾಸ್ ಪ್ಯಾಕೇಜ್ ಹಾಕಿ. ಹಳೆಯದನ್ನು ಅದರ ಮಾಲೀಕರೇ ಕೈಬಿಟ್ಟಿದ್ದಾರೆ.

ನೋಡ್ ವರ್ಷನ್ ಹಿಡಿದಿಡಲು ಎನ್‌ವಿಎಮ್ ಅಥವಾ ಎಫ್‌ಎನ್‌ಎಮ್ ಹಾಕಿಕೊಳ್ಳಿ. ಪ್ರಾಜೆಕ್ಟಿನಲ್ಲಿ ಡಾಟ್ ಎನ್‌ವಿಎಮ್‌ಆರ್‌ಸಿ ಎಂಬ ಫೈಲ್ ಇಟ್ಟು ಅದರಲ್ಲಿ ವರ್ಷನ್ ಸಂಖ್ಯೆ ಒಂದನ್ನೇ ಬರೆಯಿರಿ. ಎನ್‌ವಿಎಮ್ ಯೂಸ್ ಕೊಟ್ಟರೆ ಅದನ್ನು ಓದಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಎನ್‌ವಿಎಮ್ ಹೆಸರಲ್ಲಿ ಸಿಗುವುದು ಬೇರೆಯದೇ ಪ್ರಾಜೆಕ್ಟ್, ಅಲ್ಲಿ ಎಫ್‌ಎನ್‌ಎಮ್ ವಾಸಿ. ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ಎಂಜಿನ್ಸ್ ಅಂತ ಬರೆದರೆ ಸಾಲದಾ ಅಂತ ಕೇಳಬಹುದು. ಬರೆಯಿರಿ, ಆದರೆ ಎನ್‌ಪಿಎಮ್ ಅದನ್ನು ಬರೀ ಎಚ್ಚರಿಕೆಯಾಗಿ ತೋರಿಸುತ್ತದೆ. ಎಂಜಿನ್ ಸ್ಟ್ರಿಕ್ಟ್ ಅನ್ನುವುದನ್ನು ಆನ್ ಮಾಡಿದರೆ ಮಾತ್ರ ತಡೆಯುತ್ತದೆ. ನನ್ನನ್ನು ಕೇಳಿದರೆ ಆನ್ ಮಾಡಿ.

ಗ್ಲೋಬಲ್, ಅಂದರೆ ಪ್ರಾಜೆಕ್ಟಿನ ಹೊರಗೆ ಇಡೀ ಕಂಪ್ಯೂಟರಿಗೆ ಹಾಕುವುದರ ಬಗ್ಗೆ ನನ್ನ ಉತ್ತರ ಚಿಕ್ಕದು: ಪ್ರಾಜೆಕ್ಟಿಗೆ ಬೇಕಾದ ಯಾವ ಟೂಲೂ ಗ್ಲೋಬಲ್ ಆಗಿ ಬೇಡ. ಟೈಪ್‌ಸ್ಕ್ರಿಪ್ಟ್, ಇಎಸ್‌ಲಿಂಟ್, ಪ್ರಿಟಿಯರ್, ವೀಟ್ ಎಲ್ಲವೂ ಡೆವ್ ಡಿಪೆಂಡೆನ್ಸಿ (ಕೋಡ್ ಬರೆಯುವಾಗ, ಕಟ್ಟುವಾಗ ಮಾತ್ರ ಬೇಕಾದದ್ದು) ಆಗಿ ಪ್ರಾಜೆಕ್ಟಿನೊಳಗೇ ಇರಲಿ. ಗ್ಲೋಬಲ್ ಆಗಿ ಹಾಕಿದ್ದು ಯಾವ ಲಾಕ್ ಫೈಲಿನಲ್ಲೂ ದಾಖಲಾಗುವುದಿಲ್ಲ, ಹೊಸಬರಿಗೆ ಅದು ಬೇಕು ಅಂತ ಯಾರೂ ಹೇಳುವುದೂ ಇಲ್ಲ. ಒಳಗಿದ್ದರೆ ಟೈಪ್ ಮಾಡಿ ಓಡಿಸುವುದು ಕಷ್ಟ ಅನ್ನುವುದು ಹಳೆಯ ಮಾತು. ಸ್ಕ್ರಿಪ್ಟ್ಸ್ ಭಾಗದಲ್ಲಿ ಬರೆದದ್ದನ್ನು ಎನ್‌ಪಿಎಮ್ ರನ್ ಓಡಿಸುವಾಗ ಪ್ರಾಜೆಕ್ಟಿನೊಳಗಿನ ಟೂಲ್‌ಗಳನ್ನೇ ಮೊದಲು ಹುಡುಕುತ್ತದೆ. ಸ್ಕ್ರಿಪ್ಟ್ ಬರೆಯದೆ ಒಂದು ಸಲ ಓಡಿಸಲು ಎನ್‌ಪಿಎಕ್ಸ್ ಇದೆ. ಎನ್‌ಪಿಎಕ್ಸ್‌ನಲ್ಲಿ ಹೆಸರು ತಪ್ಪು ಟೈಪ್ ಮಾಡಬೇಡಿ. ಪ್ರಾಜೆಕ್ಟಿನಲ್ಲಿ ಸಿಗದಿದ್ದರೆ ಅದು ಪ್ಯಾಕೇಜ್‌ಗಳ ಆನ್‌ಲೈನ್ ಭಂಡಾರವಾದ ರಿಜಿಸ್ಟ್ರಿಯಿಂದ ಆ ತಪ್ಪು ಹೆಸರಿನದ್ದನ್ನೇ ತಂದು ಓಡಿಸಲು ನೋಡುತ್ತದೆ. ಹಾಕಲೇ ಎಂದು ಕೇಳಿದಾಗ ಕಣ್ಣು ಮುಚ್ಚಿ ವೈ ಒತ್ತಬೇಡಿ.

ಗ್ಲೋಬಲ್ ಹಾಕಲು ಹೋಗಿ ಪರ್ಮಿಷನ್ ಇಲ್ಲ ಅಂತ ಬಂದಾಗ ಸೂಡು (ರೂಟ್ ಎಂಬ ಮೇಲಧಿಕಾರಿ ಖಾತೆಯಿಂದ ಓಡಿಸುವ ಕಮಾಂಡ್) ಹಚ್ಚುವುದು ಇನ್ನೊಂದು ಕೆಟ್ಟ ಚಾಳಿ. ಒಮ್ಮೆ ಹಚ್ಚಿದರೆ ಕೆಲವು ಫೈಲ್‌ಗಳು ರೂಟ್ ಹೆಸರಿಗೆ ಹೋಗಿ, ಆಮೇಲೆ ಸೂಡು ಇಲ್ಲದೆ ಏನೂ ನಡೆಯದಂತಾಗಬಹುದು. ಎನ್‌ವಿಎಮ್‌ನಿಂದ ನೋಡ್ ಹಾಕಿಕೊಂಡರೆ ಎಲ್ಲ ನಿಮ್ಮ ಹೋಮ್ ಫೋಲ್ಡರಿನಲ್ಲೇ ಇರುವುದರಿಂದ ಈ ತಲೆನೋವೇ ಇಲ್ಲ.

ಸರ್ವರ್ ಬಿಲ್ಡ್ ಬೀಳುವುದಕ್ಕೆ ಎರಡು ಕಡೆ ನೋಡಿ. ಒಂದು, ಸರ್ವರ್‌ನಲ್ಲಿ ನೋಡ್ ಎನ್ವ್ ಅನ್ನುವ ಸೆಟ್ಟಿಂಗ್‌ಗೆ ಪ್ರೊಡಕ್ಷನ್ ಅಂತ ಇಟ್ಟಿದ್ದರೆ ಎನ್‌ಪಿಎಮ್ ಡೆವ್ ಡಿಪೆಂಡೆನ್ಸಿಗಳನ್ನು ಹಾಕುವುದೇ ಇಲ್ಲ. ಆಗ ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಸಿಗುತ್ತಿಲ್ಲ, ವೀಟ್ ಸಿಗುತ್ತಿಲ್ಲ ಅಂತ ಬಿಲ್ಡ್ ಬೀಳುತ್ತದೆ. ಬಹಳ ಜನ ಆಗ ಎಲ್ಲವನ್ನೂ ಡಿಪೆಂಡೆನ್ಸೀಸ್‌ಗೆ ಎತ್ತಿಹಾಕುತ್ತಾರೆ. ಅದರ ಬದಲು ಇನ್‌ಸ್ಟಾಲ್ ಹಂತದಲ್ಲಿ ಇನ್‌ಕ್ಲೂಡ್ ಡೆವ್ ಆಯ್ಕೆ ಕೊಟ್ಟು ಬಿಲ್ಡ್ ಮಾಡಿ. ಎರಡು, ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಫೈಲ್ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರದ ಭೇದ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ. ಫೈಲಿನ ಹೆಸರು ದೊಡ್ಡ ಬಿ ಇಂದ ಶುರು, ಇಂಪೋರ್ಟ್‌ನಲ್ಲಿ ಚಿಕ್ಕ ಬಿ ಇದ್ದರೆ ನಿಮ್ಮಲ್ಲಿ ಓಡುತ್ತದೆ, ಸರ್ವರ್‌ನಲ್ಲಿ ಮಾಡ್ಯೂಲ್ ಸಿಗುತ್ತಿಲ್ಲ ಅನ್ನುತ್ತದೆ. ಇದು ಪ್ಯಾಕೇಜ್ ಸಮಸ್ಯೆಯಲ್ಲ, ಆದರೆ ನೋಡಲು ಹಾಗೇ ಕಾಣುತ್ತದೆ.

ಯಾರ್ನ್, ಪಿಎನ್‌ಪಿಎಮ್‌ಗೆ ಹೋದರೆ ಕಾಟ ತಪ್ಪುತ್ತದಾ ಅಂದಿರಿ. ಲಾಕ್ ಅಳಿಸುವ ಅಭ್ಯಾಸ ಜೊತೆಗೇ ಬಂದರೆ ತಪ್ಪುವುದಿಲ್ಲ. ಮೂರೂ ಒಳ್ಳೆಯವೇ. ಆದರೂ ಹೊಸ ಪ್ರಾಜೆಕ್ಟಿಗೆ ನಾನು ಪಿಎನ್‌ಪಿಎಮ್ ಆರಿಸುತ್ತೇನೆ. ಡಿಸ್ಕ್‌ನಲ್ಲಿ ಒಂದು ಪ್ಯಾಕೇಜಿನ ಒಂದು ವರ್ಷನ್ ಒಂದೇ ಕಡೆ ಇಟ್ಟು, ಎಲ್ಲ ಪ್ರಾಜೆಕ್ಟಿಗೂ ಅಲ್ಲಿಂದಲೇ ಲಿಂಕ್ ಮಾಡುವುದರಿಂದ ಜಾಗ ಉಳಿಯುತ್ತದೆ. ನನಗೆ ಅದಕ್ಕಿಂತ ಮುಖ್ಯವಾದದ್ದು ಅದರ ಶಿಸ್ತು. ಎನ್‌ಪಿಎಮ್ ಆದಷ್ಟು ಎಲ್ಲ ಪ್ಯಾಕೇಜನ್ನೂ ನೋಡ್ ಮಾಡ್ಯೂಲ್ಸ್‌ನ ಮೇಲಿನ ಹಂತಕ್ಕೆ ಎಳೆದು ಹರಡುತ್ತದೆ. ಹಾಗಾಗಿ ನೀವು ಪಟ್ಟಿಯಲ್ಲಿ ಬರೆಯದ, ಬೇರೆ ಯಾರದೋ ಬೆನ್ನಿಗೆ ಬಂದ ಪ್ಯಾಕೇಜನ್ನೂ ಇಂಪೋರ್ಟ್ ಮಾಡಬಹುದು, ಓಡುತ್ತದೆ. ಅದನ್ನು ತಂದ ಪ್ಯಾಕೇಜ್ ಒಂದು ದಿನ ಅದನ್ನು ಬಿಟ್ಟರೆ ನಿಮ್ಮ ಕೋಡ್ ಒಡೆಯುತ್ತದೆ. ಪಿಎನ್‌ಪಿಎಮ್ ಇದನ್ನು ಮೊದಲ ದಿನವೇ ತಡೆಯುತ್ತದೆ. ನೀವು ಈಗ ಬದಲಾಯಿಸಿದರೆ ಮೊದಲು ಇಂಥ ಎರರ್‌ಗಳ ಸಾಲೇ ಬರಬಹುದು. ಪಿಎನ್‌ಪಿಎಮ್ ಕೆಟ್ಟದ್ದು ಅಂದುಕೊಳ್ಳಬೇಡಿ, ಬರೆಯದೆ ಬಳಸಿದ್ದನ್ನೆಲ್ಲ ಪಟ್ಟಿಗೆ ಸೇರಿಸುತ್ತಾ ಹೋಗಿ.

ಒಂದಂತೂ ಮಾಡಬೇಡಿ: ಒಂದೇ ಪ್ರಾಜೆಕ್ಟಿನಲ್ಲಿ ಒಬ್ಬರು ಎನ್‌ಪಿಎಮ್, ಇನ್ನೊಬ್ಬರು ಯಾರ್ನ್. ಎರಡು ಲಾಕ್ ಫೈಲ್ ಅಕ್ಕಪಕ್ಕ ಇದ್ದರೆ ಇಂದೇ ಒಂದನ್ನು ತೆಗೆಯಿರಿ. ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ಪ್ಯಾಕೇಜ್ ಮ್ಯಾನೇಜರ್ ಅನ್ನುವ ಸಾಲಿನಲ್ಲಿ ಯಾವುದು, ಯಾವ ವರ್ಷನ್ ಅಂತ ಬರೆದಿಡಬಹುದು. ಅದನ್ನು ಜಾರಿ ಮಾಡುವ ಕೋರ್‌ಪ್ಯಾಕ್ ನೋಡ್ 25ರಿಂದ ನೋಡ್ ಜೊತೆ ಬರುವುದಿಲ್ಲ, ಪ್ರತ್ಯೇಕ ಹಾಕಿಕೊಳ್ಳಬೇಕು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಲಾಕ್ ಅಳಿಸುವುದರಲ್ಲಿ ಸುರಕ್ಷತೆಯ ಪ್ರಶ್ನೆಯೂ ಇದೆ. 2016ರ ಮಾರ್ಚ್‌ನಲ್ಲಿ ಲೆಫ್ಟ್ ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಲೇಖಕ ಹಿಂತೆಗೆದಾಗ ಜಗತ್ತಿನ ಎಷ್ಟೋ ಬಿಲ್ಡ್‌ಗಳು ಬಿದ್ದವು. ಆಮೇಲೆ ನಿಯಮ ಬಿಗಿಯಾಯಿತು, ಬೇರೆಯವರು ನೆಚ್ಚಿಕೊಂಡ ಪ್ಯಾಕೇಜನ್ನು ಈಗ ಹಾಗೆ ಸುಮ್ನೆ ತೆಗೆಯಲಾಗದು. ಈಗಿನ ಭಯ ಅದರ ತಿರುಗುಮುರುಗು, ಇರುವ ಪ್ಯಾಕೇಜಿನೊಳಗೆ ವಿಷ ಸೇರುವುದು. 2025ರ ಸೆಪ್ಟೆಂಬರ್‌ನಲ್ಲಿ ಒಬ್ಬ ನಿರ್ವಾಹಕರಿಗೆ ನಕಲಿ ಮೇಲ್ ಕಳಿಸಿ, ಅವರ ಖಾತೆ ಕದ್ದು, ಚಾಕ್, ಡೀಬಗ್ ಮುಂತಾದ ಎಲ್ಲರೂ ಬಳಸುವ ಪ್ಯಾಕೇಜ್‌ಗಳಿಗೆ ಕ್ರಿಪ್ಟೋ ಹಣ ಕದಿಯುವ ಕೋಡ್ ಸೇರಿಸಿದರು. ಕೆಲವೇ ಗಂಟೆಗಳಲ್ಲಿ ಅವು ತೆಗೆಯಲ್ಪಟ್ಟವು. ಆ ಹೊತ್ತಿನಲ್ಲಿ ಹಳೆಯ ಲಾಕ್ ಇಟ್ಟುಕೊಂಡು ಸಿಐ ಕೊಟ್ಟವರಿಗೆ ಏನೂ ಆಗಲಿಲ್ಲ. ಲಾಕ್ ಅಳಿಸಿ ಮತ್ತೆ ಹಾಕಿದವರಿಗೆ ಆ ಹೊಸ ವರ್ಷನ್ನೇ ಸಿಗುವ ಸಾಧ್ಯತೆ ಇತ್ತು. ಅದೇ ತಿಂಗಳು ಶಾಯ್ ಹುಲೂದ್ ಎಂಬ ವರ್ಮ್ ಇನ್‌ಸ್ಟಾಲ್ ಆದ ಕೂಡಲೇ ಓಡುವ ಪೋಸ್ಟ್ ಇನ್‌ಸ್ಟಾಲ್ ಸ್ಕ್ರಿಪ್ಟ್ ಮೂಲಕ ಟೋಕನ್ (ಖಾತೆಯ ಕೀಲಿ) ಕದ್ದು, ಆ ಟೋಕನ್‌ನಿಂದ ಬೇರೆ ಪ್ಯಾಕೇಜಿಗೂ ಹರಡಿತು. ಪಿಎನ್‌ಪಿಎಮ್ 10 ಇಂಥ ಸ್ಕ್ರಿಪ್ಟ್‌ಗಳನ್ನು ನೀವು ಒಪ್ಪದೆ ಓಡಿಸುವುದಿಲ್ಲ. ಹೊಸ ವರ್ಷನ್ ಹೊರಬಂದು ಇಷ್ಟು ಹೊತ್ತಾಗುವ ತನಕ ಮುಟ್ಟಬೇಡ ಅಂತಲೂ ಅದಕ್ಕೆ ಹೇಳಿಡಬಹುದು. ಎನ್‌ಪಿಎಮ್‌ನಲ್ಲಿ ಇಗ್ನೋರ್ ಸ್ಕ್ರಿಪ್ಟ್ಸ್ ಆಯ್ಕೆ ಇದೆ, ಆದರೆ ಬೈನರಿ ಕಟ್ಟುವ ಪ್ಯಾಕೇಜ್‌ಗಳಿಗೆ ಆ ಸ್ಕ್ರಿಪ್ಟ್ ಬೇಕಾಗುತ್ತದೆ ಅನ್ನುವುದು ನೆನಪಿರಲಿ.

ಪ್ಯಾಕೇಜ್‌ಗಳ ಸುರಕ್ಷತಾ ದೋಷ ಎಣಿಸುವ ಎನ್‌ಪಿಎಮ್ ಆಡಿಟ್ ತೋರಿಸುವ ಸಂಖ್ಯೆ ನೋಡಿ ಹೆದರಬೇಡಿ. ಅದರಲ್ಲಿ ಬಹಳಷ್ಟು ಬಿಲ್ಡ್ ಟೂಲ್‌ಗಳ ಒಳಗಿನವು, ಬಳಕೆದಾರರ ತನಕ ಹೋಗುವುದೇ ಇಲ್ಲ. ಒಮಿಟ್ ಡೆವ್ ಕೊಟ್ಟು ನೋಡಿದರೆ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಎಷ್ಟು ಅಂತ ತಿಳಿಯುತ್ತದೆ. ಆಡಿಟ್ ಫಿಕ್ಸ್ ಫೋರ್ಸ್ ಮಾತ್ರ ಕೊಡಬೇಡಿ. ಅದು ದೊಡ್ಡ ವರ್ಷನ್ ದಾಟಿಸಿಬಿಡುತ್ತದೆ, ಕೆಲವೊಮ್ಮೆ ಹಿಂದಕ್ಕೂ ಇಳಿಸುತ್ತದೆ.

ನಿಮ್ಮ ತಂಡಕ್ಕೆ ಈಗ ಮಾಡಬೇಕಾದದ್ದು: ಯಾರ ಕಂಪ್ಯೂಟರಿನಲ್ಲಿ ಸರಿಯಾಗಿ ಓಡುತ್ತಿದೆಯೋ ಅವರ ಲಾಕ್ ಫೈಲ್ ಗಿಟ್‌ಗೆ ಹಾಕಿ, ಅವರ ನೋಡ್ ವರ್ಷನ್ ಡಾಟ್ ಎನ್‌ವಿಎಮ್‌ಆರ್‌ಸಿಗೆ ಬರೆಯಿರಿ. ಉಳಿದ ನಾಲ್ಕೂ ಜನ ನೋಡ್ ಬದಲಿಸಿ ಎನ್‌ಪಿಎಮ್ ಸಿಐ ಕೊಡಲಿ. ಈಗಲೂ ಎರರ್ ಬಂದರೆ ಅದು ನಿಜವಾದ ಎರರ್, ಮೇಲಿನಿಂದ ಓದಿ. ಯಾವುದೋ ಪ್ಯಾಕೇಜ್ ಯಾಕೆ ಬಂತು ಅಂತ ಗೊತ್ತಾಗದಿದ್ದರೆ ಎನ್‌ಪಿಎಮ್ ಎಕ್ಸ್‌ಪ್ಲೇನ್ ಕೊಟ್ಟು ಅದರ ಹೆಸರು ಬರೆಯಿರಿ, ಯಾರು ತಂದರು ಅನ್ನುವ ಸರಪಳಿ ಪೂರ್ತಿ ಕಾಣುತ್ತದೆ. ಎಲ್ಲರಲ್ಲೂ ಓಡಿದ ಮೇಲೆ ಎನ್‌ಪಿಎಮ್ ಔಟ್‌ಡೇಟೆಡ್ ಕೊಟ್ಟು ಹಳೆಯದಾದವುಗಳನ್ನು ನೋಡಿ. ದೊಡ್ಡ ವರ್ಷನ್ ಬದಲಾವಣೆಗಳನ್ನು ಒಂದೊಂದಾಗಿ, ಒಂದೊಂದು ಕಮಿಟ್‌ನಲ್ಲಿ ಏರಿಸಿ. ಒಡೆದರೆ ಯಾವುದರಿಂದ ಒಡೆಯಿತು ಅಂತ ಹುಡುಕಬೇಕಾಗಿಲ್ಲ, ಆ ಒಂದು ಕಮಿಟ್ ಹಿಂದೆ ತೆಗೆದುಕೊಂಡರೆ ಆಯಿತು.